ತಾಲ್ಲೂಕುವಾರು ಪಟ್ಟಿಯಲ್ಲಿ ಎಣಿಸಿದ್ದು ಏನನ್ನು?

ವ್ಯಾಪಾರದಲ್ಲಿ ತಪ್ಪು ಲೆಕ್ಕಕ್ಕಿಂತಲೂ ಅಪಾಯಕಾರಿಯಾದುದು ಸರಿಯೆಂದು ಕಾಣುವ ತಪ್ಪು ಲೆಕ್ಕ. ಕೈಬರಹದ ಪುಸ್ತಕಗಳ ಕಾಲದಲ್ಲಿ ಗುಮಾಸ್ತನ ಕೂಡಿಕೆ ತಪ್ಪಿದರೆ ಅದು ಒಂದಲ್ಲ ಒಂದು ದಿನ ಯಜಮಾನನ ಕಣ್ಣಿಗೆ ಬೀಳುತ್ತಿತ್ತು. ಗಣಕಯಂತ್ರವು ಕೂಡಿಕೆಯಲ್ಲಿ ತಪ್ಪುವುದಿಲ್ಲ. ಆದ್ದರಿಂದಲೇ ಅದು ಅಚ್ಚುಹಾಕಿ ಕೊಟ್ಟ ಪಟ್ಟಿಯನ್ನು ಮರಳಿ ಪರಿಶೀಲಿಸುವ ಅಭ್ಯಾಸವೂ ತಪ್ಪಿಹೋಗುತ್ತಿದೆ. ಆದರೆ ಕೂಡಿದ್ದು ಸರಿಯಾಗಿದ್ದ ಮಾತ್ರಕ್ಕೆ ಎಣಿಸಿದ್ದೂ ಸರಿಯಾಗಿದೆ ಎನ್ನಲಾಗದು. ಏನನ್ನು ಎಣಿಸಬೇಕೆಂದು ಯಂತ್ರಕ್ಕೆ ಹೇಳಿದವರು ಮನುಷ್ಯರೇ.

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಒಂದಕ್ಕೊಂದು ಹೊಂದಿಕೊಂಡ ವ್ಯಾಪಾರ ಪ್ರದೇಶ. ಒಬ್ಬನೇ ಸಗಟು ವರ್ತಕ ನಾಲ್ಕೂ ಕಡೆ ಸರಕು ಒದಗಿಸುವುದು ಅಪರೂಪವಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಸಣ್ಣ ಮಳಿಗೆಗಳೂ ಬಿಲ್ಲುಗಳನ್ನು ಗಣಕಯಂತ್ರದಲ್ಲಿ ದಾಖಲಿಸತೊಡಗಿದವು. ತಿಂಗಳ ಕೊನೆಯಲ್ಲಿ ಗುಂಡಿ ಒತ್ತಿದರೆ ತಾಲ್ಲೂಕುವಾರು ಪಟ್ಟಿ ಸಿದ್ಧ. ಲಾರಿಯನ್ನು ಎಲ್ಲಿಗೆ ಕಳುಹಿಸಬೇಕು, ಯಾರಿಗೆ ಉದ್ರಿ ನಿಲ್ಲಿಸಬೇಕು, ವಸೂಲಿಗೆ ಎಲ್ಲಿಗೆ ಆಳನ್ನು ಅಟ್ಟಬೇಕು ಎಂಬ ತೀರ್ಮಾನಗಳು ಆ ಪಟ್ಟಿಯ ಆಧಾರದಿಂದಲೇ ಆಗುತ್ತವೆ. ಹೀಗಿರುವಾಗ ಆ ಅಂಕಿಗಳು ಹುಟ್ಟುವ ಬಗೆಯನ್ನು ವರ್ತಕ ಸಮುದಾಯವು ತಿಳಿದಿರಬೇಕಾದುದು ಅಗತ್ಯ.

ಕಿರ್ದಿಯಿಂದ ಕೋಷ್ಟಕಕ್ಕೆ

ಹಳೆಯ ಲೆಕ್ಕಪದ್ಧತಿಯಲ್ಲಿ ದಿನದ ವ್ಯವಹಾರವೆಲ್ಲ ಕಿರ್ದಿಗೆ ಏರುತ್ತಿತ್ತು. ನಂತರ ಗುಮಾಸ್ತನು ಪ್ರತಿಯೊಂದು ಕಲಮನ್ನೂ ಆಯಾ ಗ್ರಾಹಕರ ಖಾತೆಯ ಪುಟಕ್ಕೆ ಎತ್ತಿ ಬರೆಯುತ್ತಿದ್ದನು. ದತ್ತಸಂಚಯದ ಕೆಲಸವೂ ಮೂಲತಃ ಇದೇ. ಗ್ರಾಹಕರ ಹೆಸರು, ಊರು, ತಾಲ್ಲೂಕು ಒಂದು ಕೋಷ್ಟಕದಲ್ಲಿರುತ್ತವೆ; ಬಿಲ್ಲುಗಳು ಇನ್ನೊಂದರಲ್ಲಿ; ಬಂದ ಹಣದ ರಸೀದಿಗಳು ಮತ್ತೊಂದರಲ್ಲಿ. ಬಿಲ್ಲಿನ ಕೋಷ್ಟಕದಲ್ಲಿ ಗ್ರಾಹಕರ ಕ್ರಮಸಂಖ್ಯೆ ಮಾತ್ರ ಇರುವುದರಿಂದ, ಯಾವ ತಾಲ್ಲೂಕಿಗೆ ಎಷ್ಟು ಮಾಲು ಹೋಯಿತೆಂದು ತಿಳಿಯಲು ಎರಡು ಕೋಷ್ಟಕಗಳನ್ನೂ ಆ ಸಂಖ್ಯೆಯ ಮೂಲಕ ಜೋಡಿಸಬೇಕು. ಇದಕ್ಕೆ ‘ಜಾಯಿನ್’ ಎಂದು ಹೆಸರು. ಜೋಡಿಸಿದ ಸಾಲುಗಳನ್ನು ತಾಲ್ಲೂಕಿನ ಪ್ರಕಾರ ಗುಂಪು ಮಾಡುವುದು ‘ಗ್ರೂಪ್ ಬೈ’; ಗುಂಪಿನಲ್ಲಿ ಎಷ್ಟಿವೆಯೆಂದು ಎಣಿಸುವುದು ‘ಕೌಂಟ್’.

ಈ ಪದ್ಧತಿಗೆ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡಬೇಕೆಂಬ ಅವರ ಪ್ರಬಂಧ 1970ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು ಅಂತಹ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು 1974ರಲ್ಲಿ ಮುಂದಿಟ್ಟರು. ಎಸ್‌ಕ್ಯೂಎಲ್ ಎಂಬ ಹೆಸರಿನಿಂದ ಅದು 1986ರಲ್ಲಿ ಅಮೆರಿಕದ ಮಾನಕವಾಯಿತು. ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಅನೇಕ ಲೆಕ್ಕಪತ್ರ ತಂತ್ರಾಂಶಗಳಲ್ಲಿಯೂ ಒಳಗೆ ದುಡಿಯುತ್ತಿರುವುದು ಈ ಭಾಷೆಯೇ.

ಹನ್ನೆರಡು ಅಂಗಡಿ, ಹತ್ತೊಂಬತ್ತು ಬಿಲ್ಲು

ವಿಷಯವನ್ನು ಸ್ಪಷ್ಟಪಡಿಸಲು ಒಂದು ಚಿಕ್ಕ ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಶ್ರೀರಂಗಪಟ್ಟಣದ ಅಡುಗೆ ಎಣ್ಣೆಯ ಸಗಟು ವರ್ತಕನೊಬ್ಬನಿಗೆ ನಾಲ್ಕು ತಾಲ್ಲೂಕುಗಳಲ್ಲಿ ಒಟ್ಟು 12 ಅಂಗಡಿಗಳು ಗ್ರಾಹಕರು. ಒಂದು ತಿಂಗಳ ವಹಿವಾಟು ಹೀಗಿದೆ:

ಶ್ರೀರಂಗಪಟ್ಟಣ: 4 ಅಂಗಡಿಗಳು. ಒಂದು 6 ಬಾರಿ ಕೊಂಡಿದೆ, ಎರಡು ತಲಾ 1 ಬಾರಿ, ಒಂದು ಕೊಂಡಿಲ್ಲ. ಬಿಲ್ಲುಗಳು 8.
ಪಾಂಡವಪುರ: 3 ಅಂಗಡಿಗಳು. ಮೂರೂ ತಲಾ 2 ಬಾರಿ ಕೊಂಡಿವೆ. ಬಿಲ್ಲುಗಳು 6.
ಕೃಷ್ಣರಾಜಪೇಟೆ: 3 ಅಂಗಡಿಗಳು. ಒಂದೇ ಅಂಗಡಿ 5 ಬಾರಿ ಕೊಂಡಿದೆ, ಉಳಿದೆರಡು ಕೊಂಡಿಲ್ಲ. ಬಿಲ್ಲುಗಳು 5.
ನಾಗಮಂಗಲ: 2 ಅಂಗಡಿಗಳು. ಯಾವುದೂ ಕೊಂಡಿಲ್ಲ. ಬಿಲ್ಲು ಇಲ್ಲ.

ವರ್ತಕನು ‘ತಾಲ್ಲೂಕುವಾರು ಗ್ರಾಹಕರ ಸಂಖ್ಯೆ ಬೇಕು’ ಎನ್ನುತ್ತಾನೆ. ತಂತ್ರಾಂಶ ನೋಡಿಕೊಳ್ಳುವವನು ಎರಡು ಕೋಷ್ಟಕಗಳನ್ನು ಜೋಡಿಸಿ, ಗುಂಪು ಮಾಡಿ, ಎಣಿಸಿ ಕೊಡುತ್ತಾನೆ. ಉತ್ತರ: ಶ್ರೀರಂಗಪಟ್ಟಣ 8, ಪಾಂಡವಪುರ 6, ಕೃಷ್ಣರಾಜಪೇಟೆ 5. ಒಟ್ಟು 19. ಇರುವವರೇ ಹನ್ನೆರಡು ಮಂದಿಯಾದರೆ ಹತ್ತೊಂಬತ್ತು ಎಲ್ಲಿಂದ ಬಂದಿತು? ಗ್ರಾಹಕರನ್ನು ಬಿಲ್ಲುಗಳೊಡನೆ ಜೋಡಿಸಿದ ಕ್ಷಣದಲ್ಲಿಯೇ ಒಂದು ಸಾಲಿನ ಅರ್ಥ ಬದಲಾಯಿತು. ಮೊದಲು ಒಂದು ಸಾಲೆಂದರೆ ಒಂದು ಅಂಗಡಿ. ಜೋಡಿಸಿದ ಮೇಲೆ ಒಂದು ಸಾಲೆಂದರೆ ಒಂದು ಬಿಲ್ಲು. ಆರು ಬಾರಿ ಕೊಂಡ ಅಂಗಡಿ ಆರು ಗ್ರಾಹಕರಾಗಿ ಲೆಕ್ಕಕ್ಕೆ ಬಂದಿದೆ. ಪಟ್ಟಿಯ ತಲೆಬರಹ ಮಾತ್ರ ‘ಗ್ರಾಹಕರ ಸಂಖ್ಯೆ’ ಎಂದೇ ಉಳಿದಿದೆ.

ಇಲ್ಲಿ ಹಾನಿಯಾಗುವುದು ತೀರ್ಮಾನದಲ್ಲಿ. ಕೃಷ್ಣರಾಜಪೇಟೆಯಲ್ಲಿ ಐವರು ಗ್ರಾಹಕರಿದ್ದಾರೆಂದು ನಂಬಿದ ವರ್ತಕನು ಅಲ್ಲಿನ ವ್ಯಾಪಾರ ಭದ್ರವಾಗಿದೆಯೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಆ ತಾಲ್ಲೂಕಿನ ವ್ಯಾಪಾರವೆಲ್ಲ ಒಂದೇ ಅಂಗಡಿಯ ಮೇಲೆ ನಿಂತಿದೆ. ಆ ಒಬ್ಬ ಗ್ರಾಹಕ ಬೇರೆಡೆಗೆ ತಿರುಗಿದರೆ ಅಲ್ಲಿಗೆ ಲಾರಿ ಕಳುಹಿಸುವ ಕಾರಣವೇ ಉಳಿಯದು. ಬಿಡಿ ಅಂಗಡಿಗಳನ್ನು ಒಮ್ಮೆ ಮಾತ್ರ ಎಣಿಸು ಎಂದು ಹೇಳಲು ಎಸ್‌ಕ್ಯೂಎಲ್‌ನಲ್ಲಿ ‘ಡಿಸ್ಟಿಂಕ್ಟ್’ ಎಂಬ ಪದವಿದೆ. ಅದನ್ನು ಬಳಸಿದರೆ ಆ ತಿಂಗಳು ಮಾಲು ಕೊಂಡ ಅಂಗಡಿಗಳು ಶ್ರೀರಂಗಪಟ್ಟಣ 3, ಪಾಂಡವಪುರ 3, ಕೃಷ್ಣರಾಜಪೇಟೆ 1 ಎಂಬ ನಿಜಸ್ಥಿತಿ ಹೊರಬೀಳುತ್ತದೆ.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೇಲಿನ ಪಟ್ಟಿಯಲ್ಲಿ ನಾಗಮಂಗಲದ ಹೆಸರೇ ಇಲ್ಲವೆಂಬುದನ್ನು ಗಮನಿಸಬೇಕು. ಸೊನ್ನೆಯೆಂದು ಬರೆದಿದ್ದರೆ ಯಜಮಾನನ ದೃಷ್ಟಿ ಅದರ ಮೇಲೆ ಬೀಳುತ್ತಿತ್ತು. ಸಾಲೇ ಇಲ್ಲದಿದ್ದರೆ ಏನು ಕಾಣೆಯಾಗಿದೆಯೆಂದು ಹೊಳೆಯುವುದಾದರೂ ಹೇಗೆ? ಸಾಮಾನ್ಯ ಜೋಡಣೆಯು ಎರಡೂ ಕಡೆ ಹೊಂದಿಕೆಯಾಗುವ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬಿಲ್ಲಿಲ್ಲದ ಗ್ರಾಹಕ ಅಲ್ಲಿ ಗ್ರಾಹಕನೇ ಅಲ್ಲ. ಹಳೆಯ ಖಾತೆ ಪುಸ್ತಕದಲ್ಲಿ ಹೀಗಾಗುತ್ತಿರಲಿಲ್ಲ. ಪುಟ ತಿರುವುವಾಗ ಖಾಲಿ ಪುಟವೂ ಎದುರಿಗೆ ಬರುತ್ತಿತ್ತು. ‘ಈ ತಿಂಗಳು ಇವರು ಏಕೆ ಬರಲಿಲ್ಲ?’ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ವ್ಯಾಪಾರ ಕಳೆದುಕೊಳ್ಳುತ್ತಿರುವ ತಾಲ್ಲೂಕೇ ಪಟ್ಟಿಯಿಂದ ಮರೆಯಾಗುವುದಾದರೆ ಆ ಪಟ್ಟಿಯಿಂದ ಪ್ರಯೋಜನವೇನು?

ಇದಕ್ಕೆ ಪರಿಹಾರ ‘ಲೆಫ್ಟ್ ಜಾಯಿನ್’. ಎಡಗಡೆಯ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು, ಬಲಗಡೆ ಹೊಂದಿಕೆ ಸಿಗದಿದ್ದಲ್ಲಿ ಜಾಗವನ್ನು ಖಾಲಿ ಬಿಡುವ ಜೋಡಣೆ ಇದು. ಆದರೆ ಇಲ್ಲಿಯೂ ಎರಡು ಗುಂಡಿಗಳಿವೆ. ಮೊದಲನೆಯದು, ಖಾಲಿ ಬಿಟ್ಟ ಸಾಲೂ ಒಂದು ಸಾಲೇ. ಸಾಲುಗಳನ್ನು ಎಣಿಸು ಎಂದರೆ ಶ್ರೀರಂಗಪಟ್ಟಣ 9, ಪಾಂಡವಪುರ 6, ಕೃಷ್ಣರಾಜಪೇಟೆ 7, ನಾಗಮಂಗಲ 2 ಎಂಬ ಉತ್ತರ ಬರುತ್ತದೆ. ಇವು ಅಂಗಡಿಗಳ ಸಂಖ್ಯೆಯೂ ಅಲ್ಲ, ಬಿಲ್ಲುಗಳ ಸಂಖ್ಯೆಯೂ ಅಲ್ಲ. ಬಿಲ್ಲಿನ ಸಂಖ್ಯೆಯ ಅಂಕಣವನ್ನು ಎಣಿಸು ಎಂದು ಹೇಳಿದರೆ ಮಾತ್ರ ಖಾಲಿ ಜಾಗಗಳು ಬಿಟ್ಟುಹೋಗಿ 8, 6, 5, 0 ಎಂಬ ಸರಿಯಾದ ಉತ್ತರ ದೊರೆಯುತ್ತದೆ. ಎರಡನೆಯದು, ಜೋಡಣೆ ಮುಗಿದ ಮೇಲೆ ‘ಈ ತಿಂಗಳ ಬಿಲ್ಲು ಮಾತ್ರ’ ಎಂಬ ಷರತ್ತನ್ನು ಹಾಕಿದರೆ ಖಾಲಿ ಸಾಲುಗಳೆಲ್ಲ ಷರತ್ತಿಗೆ ಹೊಂದದೆ ಉದುರಿಹೋಗುತ್ತವೆ. ನಾಗಮಂಗಲ ಮತ್ತೆ ಕಾಣೆಯಾಗುತ್ತದೆ. ಷರತ್ತನ್ನು ಜೋಡಣೆಯೊಳಗೇ ಇಡಬೇಕು.

ಮಾಯವಾದ ಬಾಕಿ

ಎಣಿಕೆಯ ತಪ್ಪು ಹಣದ ಲೆಕ್ಕಕ್ಕೆ ಇಳಿದಾಗ ಪರಿಣಾಮ ಇನ್ನೂ ತೀವ್ರ. ಕೃಷ್ಣರಾಜಪೇಟೆಯ ಅದೇ ಅಂಗಡಿಯನ್ನು ತೆಗೆದುಕೊಳ್ಳಬಹುದು. ತಲಾ 10,000 ರೂಪಾಯಿಯ 5 ಬಿಲ್ಲುಗಳು, ಒಟ್ಟು 50,000. ಆ ಅಂಗಡಿಯಿಂದ ತಲಾ 10,000 ರೂಪಾಯಿಯ 3 ರಸೀದಿಗಳಲ್ಲಿ ಬಂದ ಹಣ 30,000. ಬಾಕಿ 20,000 ಎಂಬುದನ್ನು ಶಾಲೆಯ ಹುಡುಗನೂ ಹೇಳಬಲ್ಲ.

ಗ್ರಾಹಕರ ಕೋಷ್ಟಕಕ್ಕೆ ಬಿಲ್ಲುಗಳನ್ನೂ ರಸೀದಿಗಳನ್ನೂ ಒಟ್ಟಿಗೆ ಜೋಡಿಸಿದರೆ ಪ್ರತಿಯೊಂದು ಬಿಲ್ಲಿನ ಎದುರಿಗೂ ಮೂರೂ ರಸೀದಿಗಳು ಬಂದು ನಿಲ್ಲುತ್ತವೆ. ಐದು ಮೂರಲೇ ಹದಿನೈದು ಸಾಲುಗಳು. ಬಿಲ್ಲಿನ ಮೊತ್ತ ಮೂರು ಪಟ್ಟಾಗಿ 1,50,000 ಆಗುತ್ತದೆ. ರಸೀದಿಯ ಮೊತ್ತ ಐದು ಪಟ್ಟಾಗಿ ಅದೂ 1,50,000 ಆಗುತ್ತದೆ. ಕಳೆದರೆ ಬಾಕಿ ಸೊನ್ನೆ! ಇಪ್ಪತ್ತು ಸಾವಿರ ರೂಪಾಯಿ ಬರಬೇಕಾದ ಖಾತೆಯು ಚುಕ್ತಾ ಆದಂತೆ ಕಾಣುತ್ತದೆ. ವಸೂಲಿಗೆ ಹೋಗುವವನ ಪಟ್ಟಿಯಲ್ಲಿ ಆ ಅಂಗಡಿಯ ಹೆಸರೇ ಇರುವುದಿಲ್ಲ.

ಇಂತಹ ಕಡೆ ‘ಡಿಸ್ಟಿಂಕ್ಟ್’ ಹಾಕಿ ತೇಪೆ ಹಚ್ಚುವುದು ಸಾಮಾನ್ಯವಾಗಿ ಕಂಡುಬರುವ ಉಪಾಯ. ಅದರಿಂದ ಕೆಡುಕೇ ಹೆಚ್ಚು. ಒಂದೇ ಮೊತ್ತದ ಐದು ಬಿಲ್ಲುಗಳನ್ನು ಅದು ಒಂದೇ ಮೊತ್ತವೆಂದು ತಿಳಿದು 10,000 ಎನ್ನುತ್ತದೆ. ಮೂರು ರಸೀದಿಗಳನ್ನೂ 10,000 ಎನ್ನುತ್ತದೆ. ಬಾಕಿ ಮತ್ತೆ ಸೊನ್ನೆ. ಸರಿಯಾದ ಮಾರ್ಗ ಒಂದೇ: ಬಿಲ್ಲುಗಳನ್ನು ಪ್ರತ್ಯೇಕವಾಗಿ ಗ್ರಾಹಕವಾರು ಕೂಡಬೇಕು, ರಸೀದಿಗಳನ್ನು ಪ್ರತ್ಯೇಕವಾಗಿ ಗ್ರಾಹಕವಾರು ಕೂಡಬೇಕು, ಆ ನಂತರ ಒಬ್ಬ ಗ್ರಾಹಕನಿಗೆ ಒಂದು ಸಾಲಿನಂತೆ ಇವೆರಡನ್ನೂ ಜೋಡಿಸಬೇಕು. ಖಾತೆ ಪುಟದ ಎಡಬಲ ಬದಿಗಳನ್ನು ಬೇರೆಬೇರೆಯಾಗಿ ಕೂಡಿ, ಕೊನೆಯಲ್ಲಿ ಬಾಕಿ ತೆಗೆಯುತ್ತಿದ್ದ ಹಿರಿಯ ಗುಮಾಸ್ತರು ಮಾಡುತ್ತಿದ್ದುದೂ ಇದನ್ನೇ.

ಕೊಡಬೇಕಾದ ಬಾಕಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ಅವಧಿ ಮೀರಿದ ಮೊತ್ತವನ್ನು ಪಾವತಿಯಾದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದೆಂಬ ನಿಯಮವನ್ನು 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆ ಕಾನೂನಿಗೆ ಸೇರಿಸಿತು. ಹೀಗಾಗಿ ಅವಧಿ ಮೀರಿದ ಬಿಲ್ಲುಗಳೆಷ್ಟು ಎಂಬ ಎಣಿಕೆಗೆ ತೆರಿಗೆಯ ಪರಿಣಾಮವೂ ಅಂಟಿಕೊಂಡಿದೆ. ಬಿಲ್ಲುಗಳನ್ನು ಪಾವತಿಗಳೊಡನೆ ಸುಮ್ಮನೆ ಜೋಡಿಸಿದರೆ ಎರಡು ಕಂತುಗಳಲ್ಲಿ ತೀರಿಸಿದ ಬಿಲ್ಲು ಎರಡಾಗಿ ಕಾಣುತ್ತದೆ. ಒಂದು ಪೈಸೆಯನ್ನೂ ಕೊಡದ ಬಿಲ್ಲು ಪಟ್ಟಿಯಲ್ಲಿಯೇ ಇರುವುದಿಲ್ಲ. ಮೊದಲು ಕಾಣಬೇಕಾದುದೇ ಮರೆಯಲ್ಲಿ ಉಳಿಯುತ್ತದೆ.

ಊರು ಒಂದು, ಬರಹ ಹಲವು

ಗುಂಪು ಮಾಡುವಾಗ ಯಂತ್ರವು ಅಕ್ಷರಗಳನ್ನು ನೋಡುತ್ತದೆಯೇ ಹೊರತು ಊರನ್ನಲ್ಲ. ಕೃಷ್ಣರಾಜಪೇಟೆ, ಕೆ.ಆರ್. ಪೇಟೆ, ಕೆ ಆರ್ ಪೇಟ್ ಎಂದು ಮೂರು ರೀತಿ ಬರೆದಿದ್ದರೆ ಮೂರು ತಾಲ್ಲೂಕುಗಳು ಹುಟ್ಟುತ್ತವೆ. ಶ್ರೀರಂಗಪಟ್ಟಣ ಮತ್ತು ಶ್ರೀರಂಗಪಟ್ನ ಎರಡಾಗುತ್ತವೆ. ಕೃಷ್ಣರಾಜಪೇಟೆಗೆ ಹಿಂದೆ ಅತ್ತಿಗುಪ್ಪೆ ಎಂದೂ ಪಾಂಡವಪುರಕ್ಕೆ ಹಿರೋಡೆ, ಫ್ರೆಂಚ್ ರಾಕ್ಸ್ ಎಂದೂ ಹೆಸರುಗಳಿದ್ದುದನ್ನು ಊರಿನವರು ಬಲ್ಲರು, ಯಂತ್ರ ಅರಿಯದು. ಮೇಲುಕೋಟೆಯ ನೇಕಾರರ ಅಂಗಡಿ ಪಾಂಡವಪುರ ತಾಲ್ಲೂಕಿಗೆ ಸೇರಬೇಕು; ಕೃಷ್ಣರಾಜಸಾಗರದ ಅಂಗಡಿ ಶ್ರೀರಂಗಪಟ್ಟಣ ತಾಲ್ಲೂಕಿಗೆ. ಇದರ ಮೇಲೆ ಪಾಂಡವಪುರ ಪಟ್ಟಣವು ಸೇರಿರುವ ವಿಧಾನಸಭಾ ಕ್ಷೇತ್ರದ ಹೆಸರು ಮೇಲುಕೋಟೆ. ವಿಳಾಸದ ಕೊನೆಯ ಪದವನ್ನೇ ತಾಲ್ಲೂಕೆಂದು ನಂಬಿ ಎಣಿಸಿದರೆ ಗೊಂದಲ ತಪ್ಪದು. ನಾಲ್ಕು ತಾಲ್ಲೂಕುಗಳಿಗೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟು, ಗ್ರಾಹಕರನ್ನು ದಾಖಲಿಸುವಾಗಲೇ ಪಟ್ಟಿಯಿಂದ ಆಯ್ಕೆ ಮಾಡುವಂತೆ ಏರ್ಪಡಿಸುವುದು ಕ್ಷೇಮ.

ಗ್ರಾಹಕರನ್ನು ಗುರುತಿಸಲು ಜಿಎಸ್‌ಟಿ ಸಂಖ್ಯೆಯೊಂದನ್ನೇ ಆಧರಿಸುವುದೂ ಸರಿಯಲ್ಲ. ಹದಿನೈದು ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಒಂದೇ ಪ್ಯಾನ್‌ಗೆ ಒಂದೇ ರಾಜ್ಯದಲ್ಲಿ ಒಂದಕ್ಕಿಂತ ಹೆಚ್ಚು ನೋಂದಣಿಗಳಿರಬಹುದು. ಅಲ್ಲದೆ ನೋಂದಣಿಯ ಮಿತಿಗಿಂತ ಕೆಳಗಿರುವ ಹಳ್ಳಿಯ ಸಣ್ಣ ಅಂಗಡಿಗಳಿಗೆ ಆ ಸಂಖ್ಯೆಯೇ ಇರುವುದಿಲ್ಲ. ಆ ಅಂಕಣವನ್ನು ಎಣಿಸಿದರೆ ಅವರೆಲ್ಲ ಗ್ರಾಹಕರೇ ಅಲ್ಲವೆಂದಾಗುತ್ತದೆ. ಮಳಿಗೆಯು ತಾನೇ ಕೊಟ್ಟ ಕ್ರಮಸಂಖ್ಯೆಯೇ ಜೋಡಣೆಗೆ ತಕ್ಕ ಆಧಾರ.

ಮನವಿಪತ್ರದ ಅಂಕಿಗಳು

ಈ ಪ್ರಶ್ನೆ ವೈಯಕ್ತಿಕ ಲೆಕ್ಕಪುಸ್ತಕಕ್ಕಷ್ಟೇ ಸೀಮಿತವಲ್ಲ. ವಾಣಿಜ್ಯೋದ್ಯಮ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಲ್ಲಿ ‘ಈ ತಾಲ್ಲೂಕಿನಲ್ಲಿ ಇಷ್ಟು ಘಟಕಗಳಿವೆ’ ಎಂಬ ವಾಕ್ಯವೇ ಮುಖ್ಯ ಆಧಾರ. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಯಲ್ಲಿ ಒಂದು ಉದ್ಯಮಕ್ಕೆ ಒಂದೇ ನೋಂದಣಿ; ಆದರೆ ಅದರಡಿ ಹಲವು ಘಟಕಗಳನ್ನೂ ಹಲವು ಚಟುವಟಿಕೆಗಳನ್ನೂ ನಮೂದಿಸಬಹುದು. ಪಾಂಡವಪುರದಲ್ಲಿ ಅಕ್ಕಿ ಗಿರಣಿ, ಶ್ರೀರಂಗಪಟ್ಟಣದಲ್ಲಿ ಬೆಲ್ಲದ ಪೊಟ್ಟಣ ಕಟ್ಟುವ ಘಟಕ ಇರುವ ಒಬ್ಬ ಮಾಲೀಕನನ್ನು ಘಟಕಗಳ ಕೋಷ್ಟಕದೊಡನೆ ಜೋಡಿಸಿ ಎಣಿಸಿದರೆ ಅವನು ಇಬ್ಬರಾಗುತ್ತಾನೆ. ಚಟುವಟಿಕೆಗಳನ್ನೂ ಜೋಡಿಸಿದರೆ ಇನ್ನೂ ಹೆಚ್ಚಾಗುತ್ತಾನೆ. ‘ಡಿಸ್ಟಿಂಕ್ಟ್’ ಬಳಸಿ ತಾಲ್ಲೂಕುವಾರು ಸರಿಯಾಗಿ ಎಣಿಸಿದರೂ ಅವನು ಎರಡೂ ತಾಲ್ಲೂಕುಗಳಲ್ಲಿ ಒಮ್ಮೊಮ್ಮೆ ಬರುವನು. ಆದ್ದರಿಂದ ತಾಲ್ಲೂಕುಗಳ ಅಂಕಿಗಳನ್ನು ಕೂಡಿ ಅದನ್ನೇ ಒಟ್ಟು ಉದ್ಯಮಗಳ ಸಂಖ್ಯೆ ಎನ್ನುವಂತಿಲ್ಲ. ಒಟ್ಟನ್ನು ಬೇರೆಯಾಗಿಯೇ ಎಣಿಸಬೇಕು.

2013-14ರಲ್ಲಿ ನಡೆದ ಆರನೇ ಆರ್ಥಿಕ ಗಣತಿಯು ಎಣಿಸಿದ್ದು ವ್ಯವಹಾರ ನಡೆಯುವ ಸ್ಥಳಗಳನ್ನು. ಉದ್ಯಮ್ ಎಣಿಸುವುದು ಉದ್ಯಮಗಳನ್ನು. ಒಂದರಿಂದ ಇನ್ನೊಂದನ್ನು ಕಳೆದು ‘ಇಷ್ಟು ಘಟಕಗಳು ಮುಚ್ಚಿಹೋದವು’ ಎಂದು ವಾದಿಸಿದರೆ ಆ ವಾದ ಅಧಿಕಾರಿಯ ಮೇಜಿನ ಮೇಲೆಯೇ ಬಿದ್ದುಹೋಗುತ್ತದೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗುರುತಿಸಿದ ಉತ್ಪನ್ನ ಬೆಲ್ಲ. ಇಂತಹ ಯೋಜನೆಗಳಡಿ ಸಾಮಾನ್ಯ ಸೌಲಭ್ಯ ಕೇಳುವಾಗ ಆಲೆಮನೆಗಳೆಷ್ಟು, ಮಾಲೀಕರೆಷ್ಟು ಎಂಬ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳು ಕೈಯಲ್ಲಿರಬೇಕು. ಹೆಚ್ಚಿಸಿ ಹೇಳಿದ ಅಂಕಿ ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ನ್ಯಾಯವಾದ ಬೇಡಿಕೆಯೂ ಸಂಶಯಕ್ಕೆ ಗುರಿಯಾಗುತ್ತದೆ.

ಕೇಳಬೇಕಾದ ಮೂರು ಪ್ರಶ್ನೆಗಳು

‘ಇದೆಲ್ಲ ತಂತ್ರಾಂಶದವರ ಕೆಲಸ, ಎಣ್ಣೆ ಮಾರುವವನು ಎಸ್‌ಕ್ಯೂಎಲ್ ಕಲಿಯಬೇಕೇ?’ ಎಂಬ ಆಕ್ಷೇಪಣೆ ಸಹಜವೇ. ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವ ವರ್ತಕನಿಗೆ ಅಷ್ಟು ಬಿಡುವಿಲ್ಲ, ಅದರ ಅಗತ್ಯವೂ ಇಲ್ಲ. ಆದರೆ ತಕ್ಕಡಿ ಮಾಡಲು ಬಾರದವನಿಗೂ ತೂಕ ಸರಿಯಿದೆಯೇ ಎಂದು ನೋಡಲು ಬರುತ್ತದೆ. ತಂತ್ರಾಂಶ ಬರೆಯುವವನಿಗೆ ಕೋಷ್ಟಕ ತಿಳಿದಿದೆ, ವ್ಯಾಪಾರ ತಿಳಿದಿಲ್ಲ. ‘ಗ್ರಾಹಕ’ ಎಂದರೆ ಪುಸ್ತಕದಲ್ಲಿರುವ ಅಂಗಡಿಯೋ, ಈ ತಿಂಗಳು ಕೊಂಡ ಅಂಗಡಿಯೋ, ಕೊಂಡ ಬಾರಿಯೋ ಎಂಬುದನ್ನು ತೀರ್ಮಾನಿಸಬೇಕಾದವನು ವರ್ತಕನೇ. ಆ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಲಾಗದು.

ಯಾವುದೇ ತಾಲ್ಲೂಕುವಾರು ಪಟ್ಟಿ ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಒಂದು: ಇದರಲ್ಲಿ ಒಂದು ಸಾಲೆಂದರೆ ಏನು, ಅಂಗಡಿಯೇ, ಬಿಲ್ಲೇ, ರಸೀದಿಯೇ? ಉತ್ತರವು ತಲೆಬರಹದಲ್ಲಿಯೇ ಅಚ್ಚಾಗಿರಬೇಕು. ಎರಡು: ಸೊನ್ನೆ ಬಂದ ತಾಲ್ಲೂಕು ಎಲ್ಲಿದೆ? ನಾಲ್ಕು ತಾಲ್ಲೂಕುಗಳಲ್ಲಿ ವ್ಯವಹಾರವಿದ್ದರೆ ಪಟ್ಟಿಯಲ್ಲಿ ಪ್ರತಿ ತಿಂಗಳೂ ನಾಲ್ಕು ಸಾಲುಗಳಿರಲೇಬೇಕು. ಮೂರು: ಜೋಡಣೆ ಮಾಡದೆ ಒಂದೇ ಕೋಷ್ಟಕದಿಂದ ಎಣಿಸಿದ ಒಟ್ಟಿಗೂ ಈ ಒಟ್ಟಿಗೂ ತಾಳೆಯಾಗುತ್ತದೆಯೇ? ಬಿಲ್ಲುಗಳ ಕೋಷ್ಟಕದಲ್ಲಿ 19 ಇದ್ದರೆ ತಾಲ್ಲೂಕುವಾರು ಬಿಲ್ಲುಗಳ ಮೊತ್ತವೂ 19 ಆಗಿರಬೇಕು. ಇದರೊಂದಿಗೆ ಒಬ್ಬ ಗ್ರಾಹಕನ ಖಾತೆಯನ್ನಾದರೂ ಕೈಯಿಂದ ಕೂಡಿ ನೋಡುವುದು ಒಳ್ಳೆಯ ಪದ್ಧತಿ. ಮೇಲೆ ಹೇಳಿದ ಇಪ್ಪತ್ತು ಸಾವಿರ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ವಾಣಿಜ್ಯ ಸಂಸ್ಥೆಗಳು ಈ ವಿಷಯದಲ್ಲಿ ಮುಂದಾಳತ್ವ ವಹಿಸುವುದು ಉಚಿತ. ಸದಸ್ಯರು, ಅವರ ಘಟಕಗಳು, ಚಟುವಟಿಕೆಗಳು ಇವನ್ನು ಮೂರು ಪ್ರತ್ಯೇಕ ಕೋಷ್ಟಕಗಳಲ್ಲಿಟ್ಟು, ತಾಲ್ಲೂಕುಗಳಿಗೆ ಒಂದೇ ಸಂಕೇತವನ್ನು ಬಳಸಿ, ಪ್ರಕಟಿಸುವ ಪ್ರತಿಯೊಂದು ಅಂಕಿಯ ಕೆಳಗೂ ಎಣಿಸಿದ್ದು ಏನನ್ನು ಎಂದು ಒಂದು ಸಾಲು ಬರೆಯಲಿ. ಸದಸ್ಯರ ಗುಮಾಸ್ತರಿಗಾಗಿ ಅರ್ಧ ದಿನದ ತರಬೇತಿಯನ್ನು ಏರ್ಪಡಿಸಿದರೆ ಅದಕ್ಕೆ ತಗಲುವ ವೆಚ್ಚ ಒಂದು ತಪ್ಪಿದ ವಸೂಲಿಗಿಂತ ಹೆಚ್ಚಾಗಲಾರದು. ಪಟ್ಟಿಯಲ್ಲಿ ನಾಗಮಂಗಲದ ಎದುರಿಗೆ ಸೊನ್ನೆ ಕಂಡ ವರ್ತಕನು ಮರುದಿನವೇ ಅಲ್ಲಿಗೆ ಹೋಗಿ ಕಾರಣ ವಿಚಾರಿಸಬಲ್ಲನು. ಹೆಸರೇ ಕಾಣದಿದ್ದರೆ ಅವನು ಹೋಗುವುದೂ ಇಲ್ಲ, ಆ ಎರಡು ಅಂಗಡಿಗಳು ಮರಳಿ ಬರುವುದೂ ಇಲ್ಲ.